ಮೂಳೆ ‘ಸವೆತ’ ಬೇಡ, ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಸ್ತನ ಕ್ಯಾನ್ಸರ್‌ಗೆ ವರ್ಷಗಟ್ಟಲೆ ಮಾತ್ರೆ ನುಂಗುವ ಹೆಂಗಸರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಆಸ್ಟಿಯೊಪೊರೋಸಿಸ್’ ಹತ್ತಿರ ಬಂದು ಪೆನ್ನು ನಿಂತಿದೆ. ಮೊದಲು ಸುಮ್ನೆ ‘ಮೂಳೆ ಸವೆತ’ ಎಂದು ಬರೆದಿದ್ದೆ. ಎಲ್ಲರೂ ಆಡುವ ಮಾತು ಅದೇ ಅಲ್ವಾ? ಕರಡನ್ನು ಚಿಕ್ಕಮ್ಮನಿಗೆ ಕೊಟ್ಟೆ. ಅವರು ಇಂಥದ್ದೇ ಒಂದು ಮಾತ್ರೆ, ಲೆಟ್ರೊಜೋಲ್, ಶುರುಮಾಡಿ ಮೂರು ವರ್ಷವಾಯಿತು. ಓದಿ, ಕನ್ನಡಕ ತೆಗೆದಿಟ್ಟು, “ಸವೆಯುತ್ತೆ ಅಂತ ಮೊದಲೇ ಹೇಳಬಾರದಿತ್ತೇನೋ? ಇಷ್ಟು ದಿನ ವಾಕಿಂಗ್ ಹೋಗಿ ಹೋಗಿ ಎಲ್ಲಾ ಸವೆಸಿಕೊಂಡೆನಲ್ಲ” ಅಂದರು.

ಪದದ ತೊಂದರೆ ನನಗೆ ಆಗ ಕಂಡಿತು. ಚಪ್ಪಲಿ ಸವೆಯುತ್ತದೆ, ಹೊಸಿಲು ಸವೆಯುತ್ತದೆ. ಬಳಸಿದಷ್ಟೂ ಸವೆತ ಜಾಸ್ತಿ. ಮೂಳೆಯದು ಇದರ ಉಲ್ಟಾ, ಮೈಭಾರ ಹೊತ್ತು ನಡೆದರೇನೇ ಅದು ಗಟ್ಟಿ ಇರುವುದು. ಸಾಲದ್ದಕ್ಕೆ ಮಂಡಿಯ ಮೆದುಮೂಳೆ ಹಾಳಾಗುವುದಕ್ಕೂ ನಾವು ‘ಸವೆತ’ವೇ ಅನ್ನುತ್ತೇವೆ. ಅದು ನೋಯುತ್ತದೆ. ಇದಾದರೋ ಮೂಳೆ ಮುರಿಯುವ ತನಕ ಸಾಮಾನ್ಯವಾಗಿ ಸುಳಿವೇ ಕೊಡುವುದಿಲ್ಲ. ಇದೇ ಮಾತ್ರೆಗಳಿಂದ ಎಷ್ಟೋ ಜನರಿಗೆ ಕೀಲುನೋವೂ ಬರುವುದರಿಂದ ಎರಡೂ ಒಂದೇ ಅನ್ನಿಸಿಬಿಡುತ್ತದೆ. ನೋವಿಲ್ಲ, ಹಾಗಾದರೆ ಮೂಳೆ ಚೆನ್ನಾಗಿದೆ ಅಂದುಕೊಳ್ಳುವುದು ಸುಲಭ.

ಒಳಗೆ ನಡೆಯುವುದು ಇಷ್ಟು. ಮೂಳೆಯನ್ನು ಕೆಡವುವ ಜೀವಕೋಶ ಬೇರೆ, ಕಟ್ಟುವ ಜೀವಕೋಶ ಬೇರೆ. ಕೆಡವುವವಕ್ಕೆ ಲಗಾಮು ಹಾಕುವುದು ಈಸ್ಟ್ರೋಜನ್. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಮೂರೂ ಈಸ್ಟ್ರೋಜನ್ನನ್ನೇ ತಗ್ಗಿಸುತ್ತವೆ. ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಲಗಾಮು ಸಡಿಲವಾದಾಗ ಮೂಳೆಯ ಒಳಗಿನ ಜಾಲರಿ ತೆಳ್ಳಗಾಗುತ್ತದೆ. ಹೊರಗಿನ ಆಕಾರ ಮಾತ್ರ ಹಾಗೇ ಇರುತ್ತದೆ.

ಇದಕ್ಕೆ ಪದ ಯಾವುದು? ‘ಅಸ್ಥಿರಂಧ್ರತೆ’ ಅರ್ಥಕ್ಕೆ ಸರಿ, ಆದರೆ ಓದುವಾಗ ಮೊದಲು ಕಣ್ಣಿಗೆ ಬೀಳುವುದು ‘ಅಸ್ಥಿರ’! ‘ಟೊಳ್ಳು ಮೂಳೆ’ ಅಂದರೆ ಒಳಗೆ ಏನೂ ಉಳಿದಿಲ್ಲ ಎಂದಾಗಿ ಸುಮ್ಮನೆ ಹೆದರಿಸುತ್ತದೆ. ನನ್ನ ಮನಸ್ಸು ‘ಬೆಂಡು’ ಕಡೆಗಿದೆ. ಒಣಗಿದ ದಂಟು ಸೀಳಿದರೆ ಒಳಗೆ ಹಗುರವಾದ, ಸಣ್ಣ ಸಣ್ಣ ತೂತಿನ ಬೆಂಡು ಸಿಗುತ್ತದಲ್ಲ, ಹಾಗೆ. ಕ್ರಿಯಾಪದವಾಗಿಯೂ ಒದಗುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಸಿಗುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ‘ಬೆಂಡಾಗುತ್ತಿದೆ’, ಮೈನಸ್ 2.5 ಅಥವಾ ಇನ್ನೂ ಕೆಳಗಿದ್ದರೆ ‘ಬೆಂಡಾಗಿದೆ’. ಮೊದಲಿನ ಹಂತವಾದ ‘ಆಸ್ಟಿಯೊಪೀನಿಯಾ’ಕ್ಕೆ ಬೇರೆ ಪದ ಹುಡುಕುವ ಕಷ್ಟ ತಪ್ಪಿತು. ಅನುಮಾನ ಒಂದೇ: ‘ದಣಿದು ಬೆಂಡಾದೆ’ ಅನ್ನುವ ಮಾತು ರೂಢಿಯಲ್ಲಿ ಇರುವುದರಿಂದ, ‘ಮೂಳೆ ಬೆಂಡಾಗಿದೆ’ ಅಂದರೆ ಬರೀ ಸುಸ್ತು ಎಂದು ಕೇಳಿಸೀತೇ? ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಇನ್ನೊಂದು. ಡೆಕ್ಸಾವನ್ನು ‘ಮೂಳೆ ಸ್ಕ್ಯಾನ್’ ಅನ್ನುವಂತಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ನೋಡುವ ‘ಬೋನ್ ಸ್ಕ್ಯಾನ್’ ಬೇರೆಯೇ ಇದೆ, ಆ ಹೆಸರು ಕೇಳಿದರೇ ಎದೆ ಧಸಕ್ ಅನ್ನುತ್ತದೆ. ‘ಸಾಂದ್ರತೆ’ ಪಾಠದ ಪುಸ್ತಕದ ಮಾತಾಯಿತು. ‘ದಟ್ಟಣೆ’ ಅಂದರೆ ಮೂಳೆಯೊಳಗೆ ವಾಹನ ಓಡಾಡಿದ ಹಾಗಿರುತ್ತದೆ. ಸದ್ಯಕ್ಕೆ ‘ಮೂಳೆ ಗಟ್ಟಿತನದ ಪರೀಕ್ಷೆ’ ಎಂದು ಬರೆದಿದ್ದೇನೆ. ಚಿಕ್ಕಮ್ಮ ಒಪ್ಪಿದ್ದಾರೆ. ನೀವೇನಂತೀರಿ?