23 ಜನ, ಒಂದು ಪಟ್ಟಿ

ರಜೆಯ ಪ್ರವಾಸದ ಬಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ಬಿಟ್ಟು, ನಾನು ಅವರನ್ನು ಕರೆಯುವ ಹಾಗೆ ಸಂಬಂಧವನ್ನಷ್ಟೇ ಇಟ್ಟಿದ್ದೇನೆ. ದೊಡ್ಡ ಸಂಸಾರ ಕಟ್ಟಿಕೊಂಡು ಹೊರಡುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಭಾವ: ಎಲ್ಲರಿಗೂ ನಮಸ್ಕಾರ. ಪ್ರವಾಸದ ಪಟ್ಟಿ ಹಾಕಿದ್ದೇನೆ, ತೆರೆದು ನೋಡಿ. ಒಟ್ಟು 23 ಜನ, ಒಂದೇ ಬಸ್. ರಾತ್ರಿ 10ಕ್ಕೆ ಹೊರಟರೆ ಬೆಳಗ್ಗೆ ಬೆಟ್ಟದ ಬುಡ, ಮಧ್ಯಾಹ್ನಕ್ಕೆ ಮೇಲಿನ ಊರು. 3,400 ಮೀಟರ್ ಎತ್ತರ, ನೋಟ ಬಹಳ ಚೆನ್ನಾಗಿದೆಯಂತೆ. 4 ದಿನ, 14 ಜಾಗ. ಖರ್ಚು ತಲೆಗೆ ಸಮ. ಒಪ್ಪಿಗೆ ಇದ್ದವರು ಹೆಬ್ಬೆರಳು ಒತ್ತಿ.

ಚಿಕ್ಕಪ್ಪ: ಭೇಷ್! ಇಷ್ಟು ವರ್ಷ ಬರೀ ಮಾತಾಡಿದ್ದೇ ಆಯಿತು. ಈ ಸಲ ಹೊರಟೇಬಿಡೋಣ. ರಾತ್ರಿ ಪ್ರಯಾಣ ಒಳ್ಳೆಯದು, ಒಂದು ದಿನ ಉಳಿಯುತ್ತದೆ.

ತಮ್ಮ: ಸೂಪರ್ ಭಾವ. 17 ಹೆಬ್ಬೆರಳು ಬಿದ್ದಾಗಿದೆ. ಬಸ್‌ಗೆ ಮುಂಗಡ ಕೊಟ್ಟುಬಿಡಿ.

ನಾನು: ಭಾವ, ಮುಂಗಡ ಕೊಡುವ ಮುಂಚೆ ಒಂದೆರಡು ಮಾತು. ನೀವು ಎಷ್ಟು ಕಷ್ಟಪಟ್ಟು ಇದನ್ನು ಮಾಡಿದ್ದೀರಿ ಅಂತ ನನಗೆ ಗೊತ್ತು. ಪ್ರವಾಸ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಪಟ್ಟಿಯ ಪ್ರಕಾರ ಹೋದರೆ ಅಜ್ಜಿ, ದೊಡ್ಡಪ್ಪ, ಚಿಕ್ಕ ಮಕ್ಕಳು, ಅವರನ್ನು ನೋಡಿಕೊಳ್ಳುವವರು, ಯಾರಿಗೂ ಇದು ರಜೆ ಅನ್ನಿಸುವುದಿಲ್ಲ.

ಚಿಕ್ಕಪ್ಪ: ಶುರು ಆಯಿತು ನೋಡು. ಎಲ್ಲರೂ ಒಪ್ಪಿದ್ದಾರಲ್ಲಮ್ಮ. ಇನ್ನೇನು ತಕರಾರು?

ನಾನು: ಒಪ್ಪಿದ್ದಾರಾ ಅಂತಲೇ ನನ್ನ ಅನುಮಾನ ಚಿಕ್ಕಪ್ಪ. ಜೆರ್ರಿ ಹಾರ್ವೆ ಅಂತ ಅಮೆರಿಕದ ಒಬ್ಬ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು 1974ರಲ್ಲಿ ತಮ್ಮ ಮನೆಯದೇ ಒಂದು ಪ್ರಸಂಗ ಬರೆದಿದ್ದರು. ಟೆಕ್ಸಸ್‌ನಲ್ಲಿ ಸುಡು ಬಿಸಿಲಿನ ಒಂದು ಮಧ್ಯಾಹ್ನ. ಎಲ್ಲರೂ ಮನೆಯಲ್ಲಿ ಆರಾಮಾಗಿ ಕೂತಿದ್ದಾರೆ. ಅವರ ಮಾವ, ಅಬಿಲೀನ್ ಅನ್ನುವ ಊರಿಗೆ ಹೋಗಿ ಊಟ ಮಾಡಿ ಬರೋಣವಾ ಅಂದರು. ಹೆಂಡತಿ ಆಗಲಿ ಅಂದರು. ಇವರು, ಅತ್ತೆಯವರಿಗೂ ಇಷ್ಟ ಇದ್ದರೆ ಹೋಗೋಣ ಅಂದರು. ಅತ್ತೆಯೂ ಹೂಂ ಅಂದರು. ಏಸಿ ಇಲ್ಲದ ಕಾರಿನಲ್ಲಿ ಹೋಗಿಬರಲು ಸುಮಾರು 170 ಕಿಲೋಮೀಟರ್. ಧೂಳು, ಸೆಖೆ, ಊಟವೂ ಚೆನ್ನಾಗಿರಲಿಲ್ಲ. ಮನೆಗೆ ಬಂದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ನಾಲ್ಕು ಜನರಲ್ಲಿ ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಹೋಗೋಣ ಅಂದ ಮಾವನೂ, ಇವರಿಗೆಲ್ಲ ಬೇಜಾರಾಗಿರಬಹುದು ಅಂತ ಕೇಳಿದ್ದಷ್ಟೆ. ನಾಲ್ಕು ಜನರಲ್ಲೇ ಹಾಗಾದರೆ 23 ಜನರಲ್ಲಿ ಎಷ್ಟು ಮಂದಿ ಇನ್ನೊಬ್ಬರ ಮುಖ ನೋಡಿ ಒತ್ತಿರಬಹುದು? ಗುಂಪಿನಲ್ಲಿ ಎಲ್ಲರೆದುರು ಬೇಡ ಅನ್ನುವುದು ಸುಲಭ ಅಲ್ಲ.

ಅತ್ತೆ: ಒಂದು ವಿಷಯ ಹೇಳಿಬಿಡುತ್ತೇನೆ. ಅಮ್ಮನ ನಂಬರಿನಿಂದ ಬಂದ ಹೆಬ್ಬೆರಳು ನಾನೇ ಒತ್ತಿದ್ದು. ಅಮ್ಮ ಮಲಗಿದ್ದರು, ಬಂದೇ ಬರುತ್ತಾರೆ ಅಂದುಕೊಂಡೆ.

ಭಾವ: ಅಂದರೆ ಅಜ್ಜಿಯನ್ನು ಯಾರೂ ಕೇಳೇ ಇಲ್ಲವಾ?

ಅತ್ತೆ: ಈಗ ಕೇಳಿದೆ. ‘ನೀವೆಲ್ಲ ಹೇಗೆ ಹೇಳಿದರೆ ಹಾಗೆ’ ಅಂದರು. ಬಿಡದೆ ಕೇಳಿದ್ದಕ್ಕೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂರುವುದಕ್ಕೆ ಆಗುವುದಿಲ್ಲ, ಮಂಡಿ ಮಡಚಿಕೊಂಡೇ ಇದ್ದರೆ ಆಮೇಲೆ ಎದ್ದು ನಿಲ್ಲುವುದಕ್ಕೂ ಆಗುವುದಿಲ್ಲ ಅಂದರು. ಮರಿಮಕ್ಕಳ ಜೊತೆ ನಾಲ್ಕು ದಿನ ಇರಬೇಕು ಅನ್ನುವ ಆಸೆ ಮಾತ್ರ ಬಹಳ ಇದೆ.

ತಮ್ಮ: ಬಸ್ಸಿನಲ್ಲಿ ಮುಂದಿನ ಸೀಟು ಕೊಟ್ಟರೆ ಆಯಿತಲ್ಲ ಅಕ್ಕ?

ನಾನು: ಬರೀ ಸೀಟಿನ ಮಾತಲ್ಲ ಕಣೋ. 4 ಗಂಟೆಗಿಂತ ಜಾಸ್ತಿ ಹೊತ್ತು ಕೂತೇ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಬಸ್, ರೈಲು, ಕಾರು, ವಿಮಾನ ಎಲ್ಲಕ್ಕೂ ಇದು ಒಂದೇ. ಆರೋಗ್ಯವಾಗಿರುವವರಿಗೆ ಆ ಅಪಾಯ ಚಿಕ್ಕದೇ. ವಯಸ್ಸಾದವರಿಗೆ, ಇತ್ತೀಚೆಗೆ ಆಪರೇಷನ್ ಆದವರಿಗೆ ಹಾಗಲ್ಲ. ಎರಡು ಗಂಟೆಗೊಮ್ಮೆ ಇಳಿದು ಓಡಾಡಬೇಕು. ರಾತ್ರಿ ಬಸ್ಸಿನಲ್ಲಿ ಎಲ್ಲರೂ ಮಲಗಿರುವಾಗ ಅಜ್ಜಿ ನಿಲ್ಲಿಸಿ ಅಂತ ಕೇಳುತ್ತಾರಾ? ಕೇಳುವುದಿಲ್ಲ. ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ.

ಚಿಕ್ಕಪ್ಪ: ರಾತ್ರಿ ರಸ್ತೆ ಖಾಲಿ ಇರುತ್ತದೆ. ಮಕ್ಕಳು ಮಲಗಿರುತ್ತಾರೆ, ವಾಂತಿ ಗೀಂತಿ ರಗಳೆ ಇಲ್ಲ. ಅದನ್ನೂ ಯೋಚನೆ ಮಾಡು.

ನಾನು: ಮಕ್ಕಳ ಮಾತು ನಿಜ ಚಿಕ್ಕಪ್ಪ. 2ರಿಂದ 12 ವರ್ಷದವರಿಗೇ ಪ್ರಯಾಣದಲ್ಲಿ ವಾಂತಿ ಜಾಸ್ತಿ, ಮಲಗಿದ್ದರೆ ಕಡಿಮೆ. ಆದರೆ ಡ್ರೈವರ್ ಮಲಗಿರುವುದಿಲ್ಲವಲ್ಲ. ತೂಕಡಿಸಿ ಆಗುವ ಅಪಘಾತಗಳು ಹೆಚ್ಚಾಗಿ ಮಧ್ಯರಾತ್ರಿಯಿಂದ ಬೆಳಗ್ಗೆ 6ರ ನಡುವೆಯೇ ಆಗುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ. ನಮ್ಮ ಪಟ್ಟಿಯಲ್ಲಿ ರಾತ್ರಿಯಿಡೀ ಒಬ್ಬನೇ ಡ್ರೈವರ್. ಬೆಳಗ್ಗೆ ಘಾಟಿ ಹತ್ತಿಸುವವನೂ ಅವನೇ. ಮನೆ ಮಂದಿಯೆಲ್ಲ ಒಂದೇ ಬಸ್ಸಿನಲ್ಲಿ ಇರುತ್ತೇವೆ. ಈ ವಿಷಯದಲ್ಲಿ ಮಾತ್ರ ನಾನು ಸುಮ್ನಿರುವುದಿಲ್ಲ.

ಅಣ್ಣ: ಅದು ಸರಿ. ರಾತ್ರಿ ಪ್ರಯಾಣಕ್ಕೆ ನನ್ನದೂ ಬೇಡ.

ಭಾವ: ಸರಿ, ಬೆಳಗ್ಗೆ ಹೊರಡೋಣ. ಆದರೆ ಆಗ 14 ಜಾಗದಲ್ಲಿ ನಾಲ್ಕು ಜಾಗ ಹೋಗುತ್ತವೆ.

ನಾನು: ಹೋಗಲಿ ಭಾವ. ಉಳಿದ ಹತ್ತೂ ಆಗುವುದಿಲ್ಲ. ಎರಡನೇ ದಿನದ್ದು ನೋಡಿ, ‘ಚಹಾ ಮತ್ತು ಶೌಚಾಲಯ, 10 ನಿಮಿಷ’ ಅಂತ ಬರೆದಿದ್ದೀರಿ. ದಾರಿಬದಿಯಲ್ಲಿ ಎರಡು ಶೌಚಾಲಯ ಇವೆ ಅಂದುಕೊಳ್ಳಿ. ಒಬ್ಬರಿಗೆ 4 ನಿಮಿಷ ಹಿಡಿದರೂ 23 ಜನಕ್ಕೆ ಮುಕ್ಕಾಲು ಗಂಟೆ. ಮಗುವಿನ ಬಟ್ಟೆ ಬದಲಾಯಿಸುವುದು ಬೇರೆ. ಎಲ್ಲರೂ ಹತ್ತಿದ ಮೇಲೆ ಒಬ್ಬರಿಗೆ ಕನ್ನಡಕ ಬಿಟ್ಟುಬಂದದ್ದು ನೆನಪಾಗುತ್ತದೆ. ಇಂಥ ನಿಲುಗಡೆ ದಿನಕ್ಕೆ ನಾಲ್ಕು ಇವೆ. ಅಲ್ಲಿಗೆ ಮೂರು ಗಂಟೆ ಹೋಯಿತು. ಇದು ಯಾರ ತಪ್ಪೂ ಅಲ್ಲ, ಇಷ್ಟು ಜನ ಇದ್ದರೆ ಆಗುವುದೇ ಹೀಗೆ. ಪಟ್ಟಿ ಬಿಗಿಯಾಗಿದ್ದರೆ ಆ ಮೂರು ಗಂಟೆಯೂ ‘ಬೇಗ ಬನ್ನಿ, ಬೇಗ ಬನ್ನಿ’ ಅನ್ನುವುದರಲ್ಲೇ ಕಳೆಯುತ್ತದೆ. ಬೈಸಿಕೊಳ್ಳುವವರು ಯಾರು? ನಿಧಾನ ನಡೆಯುವವರು, ಮಗು ಎತ್ತಿಕೊಂಡವರು.

ಚಿಕ್ಕಮ್ಮ: ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ.

ದೊಡ್ಡಪ್ಪ: ಆ ಮೇಲಿನ ಊರಿನ ಎತ್ತರದ ಬಗ್ಗೆ ಯಾರಾದರೂ ಡಾಕ್ಟರನ್ನು ಕೇಳಿದ್ದೀರಾ? ನನಗೆ ಸ್ಟೆಂಟ್ ಹಾಕಿದ್ದಾರೆ.

ತಮ್ಮ: ಜಿಮ್‌ಗೆ ಹೋಗುವವರಿಗೆ ಏನೂ ಆಗುವುದಿಲ್ಲ ದೊಡ್ಡಪ್ಪ. ನಿಮ್ಮನ್ನು ನಾನು ನೋಡಿಕೊಳ್ಳುತ್ತೇನೆ.

ನಾನು: ನಿನಗೂ ಆಗಬಹುದು ಕಣೋ. ಮೈ ಗಟ್ಟಿ ಇದ್ದರೆ ಎತ್ತರ ಕಾಡುವುದಿಲ್ಲ ಅನ್ನುವುದು ಸುಳ್ಳು. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರುವುದು ಶುರುವಾಗಬಹುದು. ತಲುಪಿದ ತಕ್ಷಣ ಗೊತ್ತಾಗುವುದೂ ಇಲ್ಲ, ಕೆಲವು ಗಂಟೆ ಕಳೆದ ಮೇಲೆ ಬರುತ್ತದೆ. ಅಂದರೆ ನಮಗೆ ಅದು ಗೊತ್ತಾಗುವುದು ರಾತ್ರಿ ಹೊತ್ತು. ಜೋರಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಿದುಳು ಊದಿಕೊಳ್ಳುತ್ತದೆ, ಜೀವಕ್ಕೇ ಅಪಾಯ. ಆಗ ಮೊದಲು ಮಾಡಬೇಕಾದ ಕೆಲಸ ಕೆಳಗೆ ಇಳಿಸುವುದು. ರಾತ್ರಿ ಹೊತ್ತು, ಘಾಟಿಯಲ್ಲಿ, ದಿನವಿಡೀ ಓಡಿಸಿ ದಣಿದ ಡ್ರೈವರ್ ಜೊತೆ ಅದು ಹೇಗೆ ಆಗುತ್ತದೆ? 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಮೇಲೆ ಹೋಗಬಾರದು ಅಂತ ವೈದ್ಯರು ಹೇಳುತ್ತಾರೆ. ನಾವು ಒಂದೇ ದಿನದಲ್ಲಿ ಬುಡದಿಂದ 3,400ಕ್ಕೆ ಹೋಗಿ ಅಲ್ಲೇ ಮಲಗುತ್ತೇವೆ ಅಂತಿದ್ದೇವೆ. ಚಿಕ್ಕ ಮಗುವಿಗೆ ತಲೆ ನೋಯುತ್ತಿದ್ದರೆ ಹೇಳುವುದಕ್ಕೂ ಬರುವುದಿಲ್ಲ, ಸುಮ್ನೆ ಅಳುತ್ತದೆ.

ಭಾವ: ಎತ್ತರದ ವಿಷಯ ನನಗೆ ಇಷ್ಟು ಗೊತ್ತಿರಲಿಲ್ಲ. ಅದನ್ನು ಬಿಡೋಣ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಟ್ಟಿ ಹಾಕುವ ಮುಂಚೆ ಇದೇ ಗುಂಪಿನಲ್ಲಿ ಯಾರಿಗೆ ಏನು ಬೇಕು ಅಂತ ಕೇಳಿದ್ದೆ. ಒಬ್ಬರೂ ಉತ್ತರ ಕೊಡಲಿಲ್ಲ. ಬಸ್ಸಿನವರು, ರೂಮಿನವರು, ಎಲ್ಲರ ಜೊತೆ ದಿನವೂ ಮಾತಾಡಿದ್ದು ನಾನೊಬ್ಬನೇ. ಈಗ ಎಲ್ಲರಿಗೂ ಅಭಿಪ್ರಾಯ ಇದೆ.

ಅಕ್ಕ: ಅದು ನಿಜ. ರಾತ್ರಿ ಹನ್ನೊಂದಾದರೂ ಫೋನಿನಲ್ಲೇ ಇರುತ್ತಿದ್ದರು.

ನಾನು: ನಿಮಗೆ ಬೇಜಾರಾಗುವುದು ನ್ಯಾಯ ಭಾವ. ಇಷ್ಟು ಜನದ ಪ್ರವಾಸ ಒಬ್ಬರ ತಲೆಯ ಮೇಲೆ ಬೀಳಬಾರದು. ವಾಹನ ಒಬ್ಬರಿಗೆ, ರೂಮು ಒಬ್ಬರಿಗೆ, ದುಡ್ಡಿನ ಲೆಕ್ಕ ಒಬ್ಬರಿಗೆ ಇರಲಿ. ಔಷಧಿ ನಾನು ನೋಡಿಕೊಳ್ಳುತ್ತೇನೆ. ಯಾರು ಯಾವ ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತಾರೆ ಅಂತ ಒಂದು ಕಾಗದದಲ್ಲಿ ಬರೆದು, ಎರಡು ದಿನಕ್ಕಾಗುವಷ್ಟು ಜಾಸ್ತಿ ಕಟ್ಟಿಕೊಂಡು, ಕೈಚೀಲದಲ್ಲೇ ಇಟ್ಟುಕೊಳ್ಳುತ್ತೇನೆ. ಅತ್ತೆಯ ಇನ್ಸುಲಿನ್ ಬಸ್ಸಿನ ಡಿಕ್ಕಿಗೆ ಹಾಕುವ ಹಾಗಿಲ್ಲ, ಬಿಸಿಗೆ ಕೆಡುತ್ತದೆ.

ಅತ್ತಿಗೆ: ಕೆಲಸ ಹಂಚುವ ಮಾತು ಬಂದಿದ್ದಕ್ಕೆ ನಾನೂ ಹೇಳುತ್ತೇನೆ. ಪಟ್ಟಿಯಲ್ಲಿ ‘ಅಡುಗೆಮನೆ ಇರುವ ಬಂಗಲೆ, ಊಟದ ಖರ್ಚು ಉಳಿಯುತ್ತದೆ’ ಅಂತಿದೆ. ಯಾರು ಅಡುಗೆ ಮಾಡುವುದು ಅಂತ ಇಲ್ಲ. ಹೋದ ಸಲ 20 ಜನಕ್ಕೆ ಬೆಳಗ್ಗೆ ತಿಂಡಿ ಮಾಡಿ, ಪಾತ್ರೆ ತೊಳೆದು, ಮಕ್ಕಳಿಗೆ ಸ್ನಾನ ಮಾಡಿಸಿ ಹೊರಗೆ ಬರುವಷ್ಟರಲ್ಲಿ ನೀವೆಲ್ಲ ಬಸ್ಸಿನಲ್ಲಿ ಕೂತು ಹಾರ್ನ್ ಹೊಡೆಸುತ್ತಿದ್ದಿರಿ. ನಾನು ಒಂದು ಜಾಗವನ್ನೂ ಸರಿಯಾಗಿ ನೋಡಲಿಲ್ಲ. ಅಡುಗೆಮನೆ ಇದ್ದರೆ ನಾನು ಬರುವುದಿಲ್ಲ. ಇದನ್ನು ಕೋಪದಲ್ಲಿ ಹೇಳುತ್ತಿಲ್ಲ.

ಅಣ್ಣ: ನನಗೆ ಇದು ಗೊತ್ತೇ ಇರಲಿಲ್ಲ.

ಅತ್ತಿಗೆ: ನೀವು ಕೇಳಲಿಲ್ಲ.

ಚಿಕ್ಕಮ್ಮ: ನನ್ನದೂ ಅದೇ ಮಾತು. ಊಟ ಹೊರಗಿನಿಂದಲೇ ಆಗಲಿ. ಒಂದು ದಿನ ಕಡಿಮೆ ಮಾಡಿದರೆ ಆ ದುಡ್ಡು ಸರಿಹೋಗುತ್ತದೆ.

ಚಿಕ್ಕಪ್ಪ: ಊಟದ್ದು ಒಪ್ಪಿದೆ. ಆದರೆ ನನ್ನ ಭಯ ಬೇರೆ. ಇವರಿಗೆ ಇದು ಬೇಡ, ಅವರಿಗೆ ಅದು ಬೇಡ ಅಂತ ಬಿಡಿಬಿಡಿಯಾಗಿ ಹೋದರೆ ಅದನ್ನು ಮನೆಯವರ ಪ್ರವಾಸ ಅಂತ ಯಾಕೆ ಕರೆಯಬೇಕು? ಮೊದಲೆಲ್ಲ ನಾವು ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ನನಗೆ ಇವತ್ತಿಗೂ ನೆನಪಿರುವುದು ಅದೇ. ಈಗ ಮಕ್ಕಳು ವರ್ಷಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು. ನಾಲ್ಕು ದಿನವಾದರೂ ಒಟ್ಟಿಗೆ ಇರಲಿ ಅಂತ ನನ್ನ ಆಸೆ.

ನಾನು: ಚಿಕ್ಕಪ್ಪ, ನನ್ನ ಆಸೆಯೂ ಅದೇ. ಅದಕ್ಕೇ ಇಷ್ಟು ಬರೆಯುತ್ತಿರುವುದು. ನೀವು ಹೇಳಿದ್ದರಲ್ಲಿ ನೆನಪಿರುವುದು ಸಾಲಾಗಿ ಮಲಗಿದ್ದು. ಎಷ್ಟು ಜಾಗ ನೋಡಿದಿರಿ ಅಂತ ನೀವು ಹೇಳಲೇ ಇಲ್ಲ ನೋಡಿ. ಈ ಪಟ್ಟಿಯಲ್ಲಿ ಹಾಗೆ ಸೇರಿ ಕೂರುವುದಕ್ಕೆ ಹೊತ್ತೇ ಇಲ್ಲ. ರಾತ್ರಿ 10ಕ್ಕೆ ರೂಮು, ಬೆಳಗ್ಗೆ 5ಕ್ಕೆ ಏಳುವುದು. ಅದರ ಬದಲು ಒಂದೇ ಊರಿನಲ್ಲಿ ಉಳಿಯೋಣ. ಜಗಲಿಯೋ ಅಂಗಳವೋ, ಎಲ್ಲರೂ ಕೂರುವಷ್ಟು ಜಾಗ ಇರುವ ಕಡೆ. ಸಂಜೆ 5ರಿಂದ ಮಲಗುವವರೆಗೆ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ, ಎಲ್ಲರೂ ಜೊತೆಗೆ. ಬೆಳಗಿನ ಹೊತ್ತು ಅವರವರ ಇಷ್ಟ. ಬೆಟ್ಟ ಹತ್ತುವವರು ಹತ್ತಲಿ. ಮಲಗುವವರು ಮಲಗಲಿ. ಯಾಕೆ ಬರಲಿಲ್ಲ ಅಂತ ಯಾರೂ ಯಾರನ್ನೂ ಕೇಳಬಾರದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ ಅಂತ ಧೈರ್ಯವಾಗಿ ಹೇಳುವ ಹಾಗಿದ್ದರೆ, ಬರುತ್ತೇನೆ ಅಂದಾಗ ಅದು ಮನಸ್ಸಿನಿಂದ ಬಂದ ಮಾತು ಆಗಿರುತ್ತದೆ.

ಅತ್ತೆ: ಅಮ್ಮನಿಗೆ ಓದಿ ಹೇಳಿದೆ. ಹೀಗಾದರೆ ಬರುತ್ತೇನೆ ಅಂದರು. ಕೆಳಗಿನ ಮನೆಯಲ್ಲಿ ರೂಮು ಬೇಕಂತೆ, ಮೆಟ್ಟಿಲು ಬೇಡವಂತೆ.

ದೊಡ್ಡಪ್ಪ: ಖರ್ಚಿನದ್ದೂ ಈಗಲೇ ಮಾತಾಡಿಬಿಡಿ. ತಲೆಗೆ ಸಮ ಅಂದರೆ ಎರಡು ವರ್ಷದ ಮಗುವಿಗೂ ನನಗೂ ಒಂದೇ ಲೆಕ್ಕವಾ?

ಅಣ್ಣ: ರೂಮಿಗೆ ರೂಮಿನ ಲೆಕ್ಕ, ಬಸ್ಸಿಗೆ ಸೀಟಿನ ಲೆಕ್ಕ, ಊಟಕ್ಕೆ ದೊಡ್ಡವರಷ್ಟೇ. ಅಜ್ಜಿಯದು ನಾವು ಮೊಮ್ಮಕ್ಕಳು ಹಂಚಿಕೊಳ್ಳುತ್ತೇವೆ. ಯಾರಿಗಾದರೂ ಈ ಸಲ ಕಷ್ಟ ಇದ್ದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಗುಂಪಿನಲ್ಲಿ ಆ ಮಾತು ಬರುವುದಿಲ್ಲ.

ನಾನು: ಒಪ್ಪಿದೆ. ಲೆಕ್ಕ ದಿನವೂ ರಾತ್ರಿ ಗುಂಪಿಗೆ ಹಾಕು ಅಣ್ಣ. ಊರಿಗೆ ಬಂದ ಮೇಲೆ ಒಟ್ಟಿಗೆ ನೋಡೋಣ ಅಂದರೆ ಯಾರಿಗೂ ನೆನಪಿರುವುದಿಲ್ಲ, ಮನಸ್ತಾಪ ಶುರುವಾಗುವುದೇ ಅಲ್ಲಿ.

ಭಾವ: ಸರಿ. ಹೊಸ ಪಟ್ಟಿ ಮಾಡುತ್ತೇನೆ. ಕೆಳಗೆ ಸುಮಾರು 1,500 ಮೀಟರ್ ಎತ್ತರದಲ್ಲಿ ಇನ್ನೊಂದು ಊರಿದೆ, ಅಲ್ಲೇ ಮೂರು ರಾತ್ರಿ. ಬೆಳಗ್ಗೆ 7ಕ್ಕೆ ಹೊರಡುವುದು, ಎರಡು ಗಂಟೆಗೊಮ್ಮೆ ಅರ್ಧ ಗಂಟೆ ನಿಲ್ಲಿಸುವುದು. ಈ ಸಲ ಹೆಬ್ಬೆರಳು ಬೇಡ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ.

ನಾನು: ಅರ್ಧ ಪಟ್ಟಿ ನನಗೆ ಕಳಿಸಿ ಭಾವ, ನಾನೂ ಮಾಡುತ್ತೇನೆ. ಮನೆಯ ಹಿರಿಯರಿಗೆ ಮಾಡುವಾಗ ಬೇರೆಯವರು ಪಕ್ಕದಲ್ಲಿ ಇಲ್ಲದ ಹೊತ್ತು ನೋಡಿ ಮಾಡೋಣ.

ಚಿಕ್ಕಪ್ಪ: ನನಗೆ ಮಾಡುವುದು ಬೇಡ, ನಾನು ಬರುತ್ತೇನೆ. ಆದರೆ ಒಂದು ದಿನವಾದರೂ ಬೆಳಗ್ಗೆ ಎಲ್ಲರೂ ಒಟ್ಟಿಗೆ ಹೋಗಲೇಬೇಕು. ಅದನ್ನು ನಾನು ಬಿಡುವುದಿಲ್ಲ.

ಅತ್ತಿಗೆ: ಎಷ್ಟು ಹೊತ್ತಿಗೆ ಏಳಬೇಕು ಚಿಕ್ಕಮಾವ? ಅದನ್ನು ಮೊದಲು ಹೇಳಿ.