ಆಫ್ರಿಕಾದ ಹಳ್ಳಿ ಶಾಲೆಗಳಲ್ಲಿ ಗಣಿತ ಒಲಿಂಪಿಯಾಡ್ ತರಬೇತಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ
ಮಲಾವಿಯ ಹಳ್ಳಿಗಾಡಿನ ಪ್ರೌಢಶಾಲೆಗಳಲ್ಲಿ ಗಣಿತದಲ್ಲಿ ಚುರುಕಾದ ಮಕ್ಕಳನ್ನು ಗುರುತಿಸಿ ತಯಾರು ಮಾಡಬೇಕು. ಶಿಬಿರಕ್ಕೆ ದುಡ್ಡಿಲ್ಲ, ಇಂಟರ್ನೆಟ್ ಇರುವುದು ಮೇಷ್ಟ್ರ ಫೋನಿನಲ್ಲಿ ಮಾತ್ರ. ಒಲಿಂಪಿಯಾಡಿನ ಹಳೆಯ ಪ್ರಶ್ನೆಪತ್ರಿಕೆ ಕಳಿಸಿದರೆ ಖಾಲಿ ಹಾಳೆ ವಾಪಸ್ ಬರುತ್ತದೆ. ದಾರಿ ಏನು?

ಉತ್ತರ 1
ಖಾಲಿ ಹಾಳೆ ಬರುವುದು ಸಹಜ. 1987ರಲ್ಲಿ ಶುರುವಾದ ಪ್ಯಾನ್ ಆಫ್ರಿಕನ್ ಒಲಿಂಪಿಯಾಡ್ (ಆಫ್ರಿಕಾದ ದೇಶಗಳ ಗಣಿತ ಸ್ಪರ್ಧೆ) ಆಗಲಿ, ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ (ಐಎಂಒ) ಆಗಲಿ, ದಿನಕ್ಕೆ ಮೂರರಂತೆ ಎರಡು ದಿನ ಪ್ರಶ್ನೆ, ದಿನಕ್ಕೆ ನಾಲ್ಕೂವರೆ ಗಂಟೆ ಸಮಯ, ಪ್ರಶ್ನೆಗೆ 7 ಅಂಕ. ಅದು ಕೊನೆಯ ಮೆಟ್ಟಿಲು. ಆಯ್ಕೆಗೆ ಸೂತ್ರ ಬೇಡದ 8 ಪ್ರಶ್ನೆ, 90 ನಿಮಿಷ ಸಾಕು. ಬಹು ಆಯ್ಕೆ ಬೇಡ, ಊಹೆಗೂ ಅಂಕ ಸಿಕ್ಕಿಬಿಡುತ್ತದೆ. ಉತ್ತರ ತಪ್ಪಿದ್ದರೂ ಹಾಳೆಯಲ್ಲಿ ಯೋಚನೆ ಕಂಡರೆ ಆ ಮಗುವನ್ನು ಬಿಡಬೇಡಿ.

ಉತ್ತರ 2
ಆಯ್ಕೆಗಿಂತ ಕಷ್ಟ, ಗಣಿತದ ಸಾಧನೆ (ಪ್ರೂಫ್) ಬರೆಯುವುದನ್ನು ಕಲಿಸುವುದು. ಉದಾಹರಣೆಗೆ, ಒಂದು ಪೂರ್ಣಸಂಖ್ಯೆಯ ಘನದಿಂದ ಅದೇ ಸಂಖ್ಯೆಯನ್ನು ಕಳೆದರೆ ಬರುವುದು 6ರಿಂದ ಭಾಗವಾಗುತ್ತದೆ ಎಂದು ಸಾಧಿಸಲು ಹೇಳಿ. ಹೆಚ್ಚಿನವರು 1ರಿಂದ 10ರವರೆಗೆ ಲೆಕ್ಕ ಹಾಕಿ "ಆದ್ದರಿಂದ ಸತ್ಯ" ಎಂದು ಬರೆಯುತ್ತಾರೆ. ಅದಕ್ಕೆ ಅಂಕವಿಲ್ಲ. ಅಪವರ್ತಿಸಿದರೆ ಅದು ಒಂದರ ಹಿಂದೊಂದು ಬರುವ ಮೂರು ಸಂಖ್ಯೆಗಳ ಗುಣಲಬ್ಧ. ಅವುಗಳಲ್ಲಿ ಒಂದಾದರೂ ಸಮ, ಒಂದು 3ರ ಅಪವರ್ತ್ಯ. 2 ಮತ್ತು 3ಕ್ಕೆ ಸಾಮಾನ್ಯ ಅಪವರ್ತನ 1 ಮಾತ್ರ, ಹಾಗಾಗಿ 6ರಿಂದ ಭಾಗವಾಗುತ್ತದೆ. ಈ ಕೊನೆಯ ಸಾಲನ್ನೇ ಮಕ್ಕಳು ಬಿಡುತ್ತಾರೆ, ಅಂಕ ಹೋಗುವುದೂ ಅಲ್ಲೇ.

ಹದಿನೈದು ದಿನಕ್ಕೊಮ್ಮೆ 4 ಲೆಕ್ಕ ಕಳಿಸಿ. ದೊಡ್ಡ ಪಿಡಿಎಫ್ ಬೇಡ, ಡೇಟಾ ಖಾಲಿಯಾಗುತ್ತದೆ. ಸಂದೇಶದಲ್ಲೇ ಬರೆದರೆ ಮೇಷ್ಟ್ರು ಬೋರ್ಡಿಗೆ ಇಳಿಸಬಹುದು. ಪುಟಕ್ಕೊಂದೇ ಲೆಕ್ಕ, ಕಪ್ಪು ಪೆನ್ನು, ಹಗಲು ಬೆಳಕಲ್ಲಿ ಫೋಟೊ. ಪೆನ್ಸಿಲ್ ಬರಹ ಫೋಟೊದಲ್ಲಿ ಮಸುಕಾಗುತ್ತದೆ. ತಿದ್ದಿದ್ದು ಒಂದು ವಾರದೊಳಗೆ ಮಗುವಿನ ಕೈ ಸೇರಬೇಕು. ತಡವಾದರೆ ತಾನು ಯೋಚಿಸಿದ್ದೇ ಮರೆತಿರುತ್ತದೆ.

ಉತ್ತರ 3
ಮೇಲಿನದೆಲ್ಲ ಸರಿ, ಆದರೆ ಕೊನೆಯ ತರಗತಿಯವರಿಂದ ಶುರು ಮಾಡಬೇಡಿ. ಐಎಂಒಗೆ 20 ವರ್ಷ ತುಂಬಿರಬಾರದು, ವಿಶ್ವವಿದ್ಯಾಲಯಕ್ಕೆ ಸೇರಿರಬಾರದು. ಎರಡು ಮೂರು ವರ್ಷ ಕೈಯಲ್ಲಿರುವ ಮಕ್ಕಳೇ ಬೇಕು. ಭಾಷೆಗೂ ಹೆದರಬೇಡಿ: ಚರ್ಚೆ ಅಲ್ಲಿನ ಆಡುಭಾಷೆ ಚಿಚೆವಾದಲ್ಲೇ ನಡೆಯಲಿ, ಇಂಗ್ಲಿಷ್ ಬರಹ ನಿಧಾನವಾಗಿ ಬರುತ್ತದೆ. ಇನ್ನೊಂದು, ಜನನ ಪ್ರಮಾಣಪತ್ರವಿಲ್ಲದೆ ಪಾಸ್‌ಪೋರ್ಟ್ ನಿಂತುಹೋಗುತ್ತದೆ. ತಂಡ ಘೋಷಣೆಯಾಗುವವರೆಗೆ ಕಾಯದೆ, ಕೊನೆಯ ಸುತ್ತಿಗೆ ಬಂದ ಎಲ್ಲ ಮಕ್ಕಳ ಕಾಗದಪತ್ರ ಆಗಲೇ ಪರಿಶೀಲಿಸಿ.