ಮೆಟ್ಟಿಲ ಹತ್ತಿರದ ಕೆಂಪು ಸ್ವಿಚ್ ತೆಗೆಸಿಬಿಡಬಹುದಾ?

ಚಳಿಗೆ ಸೋತವ:
ನಮ್ಮದು ಮ್ಯಾಸಚೂಸೆಟ್ಸ್‌ನಲ್ಲಿ ಹಳೇ ಮನೆ. ಬೇಸ್‌ಮೆಂಟ್‌ನಲ್ಲಿ ಮನೆ ಬೆಚ್ಚಗಿಡುವ ಆಯಿಲ್ ಬಾಯ್ಲರ್ ಇದೆ. ಕೆಳಗಿಳಿಯುವ ಮೆಟ್ಟಿಲ ಮೇಲ್ತುದಿಯಲ್ಲಿ ಬಾಯ್ಲರ್‌ಗೆ ಕರೆಂಟ್ ಕಟ್ ಮಾಡುವ ಕೆಂಪು ಪ್ಲೇಟಿನ ಸ್ವಿಚ್, ಅದಕ್ಕೆ ಅಂಟಿಕೊಂಡ ಹಾಗೆ ಲೈಟಿನ ಸ್ವಿಚ್. ಮೊನ್ನೆ ರಾತ್ರಿ ಊರಿಂದ ಬಂದಿರುವ ಅತ್ತೆ ಲೈಟ್ ಆಫ್ ಮಾಡುವಾಗ ಎರಡನ್ನೂ ಒತ್ತಿಬಿಟ್ಟಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದರೆ ಥರ್ಮೋಸ್ಟಾಟ್‌ನಲ್ಲಿ 52 ಡಿಗ್ರಿ, ಫ್ಯಾರನ್‌ಹೀಟ್! ರೀಸೆಟ್ ಬಟನ್ ಒತ್ತಿದೆ, ಏನೂ ಆಗಲಿಲ್ಲ. ಮೆಕ್ಯಾನಿಕ್ ಬಂದ, ಕೆಳಗೆ ಇಳಿಯಲೂ ಇಲ್ಲ. ಮೇಲೆ ನಿಂತೇ ಟಕ್ ಅಂತ ಸ್ವಿಚ್ ಹಾಕಿದ, ಬಿಲ್ ಬರೆದ. ಬಾಯ್ಲರ್ ಪಕ್ಕದಲ್ಲಿ ಹೇಗೂ ಇನ್ನೊಂದು ಸ್ವಿಚ್ ಇದೆ. ಮೇಲಿನದು ಸುಮ್ನೆ ಯಾಕೆ?

ತಂತಿ ಕೆಲಸದವ:
ತೆಗೆಸಬೇಡಿ. ಕೆಳಗಿನದು ರಿಪೇರಿ ಮಾಡುವವರಿಗೆ. ಮೇಲಿನದು ನಿಮಗೆ. ಬಾಯ್ಲರ್‌ನಲ್ಲಿ ಆಯಿಲ್ ಉರಿಸುವ ಬರ್ನರ್‌ನಿಂದ ಹೊಗೆ ಬರುವಾಗ ಅದರ ಪಕ್ಕಕ್ಕೆ ಹೋಗಿ ಸ್ವಿಚ್ ಹುಡುಕುತ್ತೀರಾ? ಕರೆಂಟ್ ಹೋದರೆ ಬರ್ನರ್ ಮೋಟಾರ್ ನಿಲ್ಲುತ್ತದೆ. ಆಯಿಲ್ ಪಂಪ್ ತಿರುಗುವುದು ಅದೇ ಮೋಟಾರ್‌ನಿಂದ, ಹಾಗಾಗಿ ಆಯಿಲ್ ಕೂಡ ನಿಲ್ಲುತ್ತದೆ. ಆಯಿಲ್ ಬರ್ನರ್‌ಗಳಿಗೆ ಇರುವ ನಿಯಮಾವಳಿ ಎನ್‌ಎಫ್‌ಪಿಎ 31, ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯದು. ಅದರ ಮೇಲೆ ನಿಮ್ಮ ರಾಜ್ಯದ ಫೈರ್ ಕೋಡ್ ಬೇರೆ ಇದೆ.

ಬಾಯ್ಲರ್ ಮೇಲೆ ಸೀಲಿಂಗ್ ಕಡೆ ಒಮ್ಮೆ ನೋಡಿ. ಚಿಕ್ಕ ಥರ್ಮಲ್ ಸ್ವಿಚ್ ಇರಬೇಕು. ಸಾಮಾನ್ಯವಾಗಿ 165 ಡಿಗ್ರಿ ಫ್ಯಾರನ್‌ಹೀಟ್ ಆದರೆ ತಾನೇ ಕಟ್ ಆಗುತ್ತದೆ. ಇನ್ನೊಂದು ಮಾತು: ಅಮೆರಿಕದ ವಿದ್ಯುತ್ ನಿಯಮಾವಳಿ ಎನ್‌ಇಸಿಯ 422.12 ಪ್ರಕಾರ ಇಂಥ ಬಾಯ್ಲರ್‌ಗೆ ಪ್ರತ್ಯೇಕ ಸರ್ಕ್ಯೂಟ್ ಬೇಕು. ಪಂಪು, ವಾಲ್ವ್‌ನಂಥ ಅದರದೇ ಸಾಮಾನು ಸೇರಬಹುದು. ಹಳೇ ಮನೆಗಳಲ್ಲಿ ಬೇಸ್‌ಮೆಂಟ್ ಲೈಟನ್ನೂ ಅದಕ್ಕೇ ಸೇರಿಸಿರುತ್ತಾರೆ, ನೋಡಿಸಿ.

ಟೇಪ್ ಹಚ್ಚಿ ಕೆಟ್ಟವಳು:
ನಾನೂ ಇದೇ ಕಾಟಕ್ಕೆ ಸ್ವಿಚ್ ಮೇಲೆ ಟೇಪ್ ಸುತ್ತಿದ್ದೆ. ಮನೆ ಮಾರುವಾಗ ನೋಡಲು ಬಂದ ಇನ್‌ಸ್ಪೆಕ್ಟರ್ ನನ್ನೆದುರೇ ಕಿತ್ತು ಹಾಕಿದರು. ಕತ್ತಲಲ್ಲಿ, ಗಾಬರಿಯಲ್ಲಿ ಒಂದೇ ಏಟಿಗೆ ಕೈಗೆ ಸಿಗಬೇಕಲ್ವಾ? ಬೀಗ, ಟೇಪ್ ಏನೂ ಬೇಡ. ಎತ್ತಿ ಒತ್ತುವ ಪಾರದರ್ಶಕ ಮುಚ್ಚಳ ಸಿಗುತ್ತದೆ. ಅದಕ್ಕಿಂತ, ಲೈಟಿನ ಸ್ವಿಚ್ಚನ್ನೇ ಎದುರು ಗೋಡೆಗೆ ಹಾಕಿಸಿ.

ಚಳಿಗೆ ಸೋತವ:
ಗ್ಯಾಸ್‌ಗೆ ಬದಲಾದರೆ ಈ ಕೆಂಪು ಪ್ಲೇಟ್ ಹೋಗುತ್ತದಾ?

ತಂತಿ ಕೆಲಸದವ:
ಅದನ್ನು ನಿಮ್ಮ ಊರಿನ ಇನ್‌ಸ್ಪೆಕ್ಟರ್ ಹತ್ತಿರ ಪರ್ಮಿಟ್ ತೆಗೆಸುವಾಗಲೇ ಕೇಳಿ. ನಾನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಗ್ಯಾಸ್ ವಾಲ್ವ್ ಕೂಡ ಕರೆಂಟ್ ಹೋದರೆ ಮುಚ್ಚಿಕೊಳ್ಳುತ್ತದೆ.

ಚಳಿಗೆ ಸೋತವ:
ಸರಿ, ಲೈಟಿನ ಸ್ವಿಚ್ ಜಾಗ ಬದಲಾಯಿಸುತ್ತೇನೆ. ಅಷ್ಟರಲ್ಲಿ ಅತ್ತೆ ತಾವೇ ‘ಇದು ಲೈಟ್ ಅಲ್ಲ’ ಅಂತ ಕನ್ನಡದಲ್ಲಿ ಬರೆದು ಪಕ್ಕಕ್ಕೆ ಅಂಟಿಸಿದ್ದಾರೆ.